ಭಾನುಪ್ರಿಯಳ ಹುಳ, ನನ್ನ ಬಾಯಿ

ಮೊದಲೇ ಹೇಳಿಬಿಡುತ್ತೇನೆ, ಭಾನುಪ್ರಿಯಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆಕೆಯ ಬಗ್ಗೆ ಬರೆಯಲು ಮಾಗಡಿ ತಾಲ್ಲೂಕಿನಲ್ಲಿ ನನಗಿಂತ ಒಳ್ಳೆಯ ಮನಸ್ಸಿನವರು ಬೇಕಾದಷ್ಟು ಜನ ಸಿಕ್ಕಾರು. ಆದರೆ ಆಕೆ ಹೇಗೆ ಕೆಲಸ ಮಾಡುತ್ತಾಳೆ ಎಂಬುದನ್ನು ನನ್ನಷ್ಟು ಕಣ್ಣಿಟ್ಟು ನೋಡಿದವರು ಯಾರೂ ಇಲ್ಲ, ಕಟ್ಟಿಕೊಂಡ ಗಂಡನೂ ನೋಡಿರಲಾರ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನನ್ನ ಹೆಸರು ಅನಂತರಾಜು. ಗುಡೇಮಾರನಹಳ್ಳಿಯಲ್ಲಿ ಚಾಕಿ ಕೇಂದ್ರ ಇಟ್ಟು ಹದಿನಾಲ್ಕು ವರ್ಷವಾಯಿತು. ರೇಷ್ಮೆಹುಳದ ಎಳೆಯ ವಯಸ್ಸಿಗೆ ಚಾಕಿ ಎನ್ನುತ್ತಾರೆ. ಮೊಟ್ಟೆಯೊಡೆದು ಬಂದ ಹುಳ ಕರಿ ಇರುವೆಯಷ್ಟಿರುತ್ತದೆ. ಆ ವಯಸ್ಸಿನಲ್ಲಿ ಅದನ್ನು ಸಾಕುವುದು ಎಲ್ಲರ ಕೈಲಾಗುವ ಕೆಲಸವಲ್ಲ. ನಾವು ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಸೆಕೆ ತಂಪು ನೋಡಿಕೊಂಡು, ಹತ್ತು ದಿನ ಸಾಕಿ, ಎರಡು ಸಲ ಪೊರೆ ಬಿಟ್ಟ ಮೇಲೆ ರೈತರಿಗೆ ಮಾರುತ್ತೇವೆ. ಲೆಕ್ಕ ಮೊಟ್ಟೆಯದು; ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರೈನೂರು ಮೊಟ್ಟೆಗಳ ಕಂತೆ. ಪೊರೆ ಬಿಡುವ ಮುಂಚೆ ಹುಳ ಮೇವು ನಿಲ್ಲಿಸಿ ತಲೆಯೆತ್ತಿಕೊಂಡು ಸುಮ್ಮನೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎಂದು ಹೆಸರು; ಪೊರೆ ಕಳಚಿ ಮತ್ತೆ ಮೇವಿಗೆ ಬಂದರೆ ಜ್ವರ ಎದ್ದವು ಅನ್ನುತ್ತೇವೆ. ರೈತರ ಮನೆಯಲ್ಲಿ ಇನ್ನೂ ಎರಡು ಜ್ವರ ಕಳೆದ ಮೇಲೆ ಗೂಡು ಕಟ್ಟುತ್ತದೆ. ಗೂಡು ಚೆನ್ನಾಗಿ ಬಂದರೆ ರೈತ ಜಾಣ, ಕೆಟ್ಟರೆ ಚಾಕಿಯವನು ಕಳ್ಳ. ಹದಿನಾಲ್ಕು ವರ್ಷ ಆ ಬೈಗುಳ ತಿಂದೇ ಹನ್ನೊಂದು ಊರಿನ ಗಿರಾಕಿ ಕಟ್ಟಿಕೊಂಡಿದ್ದೆ.

ಭಾನುಪ್ರಿಯ ಆಗ ನನ್ನ ಕೇಂದ್ರಕ್ಕೆ ಸೊಪ್ಪು ಹೆಚ್ಚಲು ಕೂಲಿಗೆ ಬಂದವಳು. ಗಂಡ ಸ್ವಾಮಿ ಗೂಡ್ಸ್ ಆಟೋ ಓಡಿಸುತ್ತಿದ್ದ. ಆಕೆ ತೆಳ್ಳಗೆ, ಉದ್ದಕ್ಕೆ, ಮಾತು ಕಡಿಮೆ. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ, ಕಣ್ಣೂ ಸುಮ್ಮನಿರುತ್ತಿರಲಿಲ್ಲ. ಮೂರು ವರ್ಷ ನನ್ನ ಹತ್ತಿರ ಇದ್ದಳು. ಒಂದು ದಿನ ಹುಳದ ತಟ್ಟೆಗಳನ್ನು ಗಾಡಿಗೆ ಏರಿಸುತ್ತಿದ್ದಾಗ ಕೇಳಿದಳು.

"ಅಣ್ಣ, ಇವು ಅಲ್ಲಿಗೋದ ಮೇಲೆ ಹೆಂಗವೆ ಅಂತ ನಾವ್ಯಾರೂ ಹೋಗಿ ನೋಡಾಕಿಲ್ವಾ?"

ನಾನು ನಕ್ಕೆ. "ಏನಮ್ಮ, ಸೀರೆ ಅಂಗಡಿಯವನು ಸೀರೆ ಮಾರುದ್ಮೇಲೆ ಮನೆಗೋಗಿ ನೆರಿಗೆನೂ ಹಿಡ್ದು ಬತ್ತಾನಾ?" ಅಂದೆ. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆಕೆ ನಗಲಿಲ್ಲ. ಆರು ತಿಂಗಳು ಕಳೆದ ಮೇಲೆ ಕೆಲಸ ಬಿಟ್ಟು, ಅದೇ ಊರಿನ ಕೊನೆಯಲ್ಲಿ ಒಂದು ಶೀಟಿನ ಮನೆ ಬಾಡಿಗೆಗೆ ಹಿಡಿದು ತನ್ನದೇ ಚಾಕಿ ಶುರು ಮಾಡಿದಳು. ಬೋರ್ಡು ಕೂಡ ಹಾಕಲಿಲ್ಲ. ಎಷ್ಟು ದಿನ ನಡೆಯುತ್ತದೋ ನೋಡೋಣ ಎಂದುಕೊಂಡೆ. ಉಗಾದಿಯ ದಿನ ಮನೆಗೆ ಬಂದು ನನ್ನ ಹೆಂಡತಿ ಪ್ರತಿಮಾಗೆ ಬೇವು ಬೆಲ್ಲ ಕೊಟ್ಟು, ನನ್ನ ಕಾಲಿಗೂ ನಮಸ್ಕಾರ ಮಾಡಿ ಹೋದಳು. ಕಾಲು ಮುಟ್ಟಿದ್ದಕ್ಕೂ ನನಗೆ ಸಿಟ್ಟು ಬಂತು.

ಅದೇ ವರ್ಷ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ರೇಟು ಬಿತ್ತು. ಬಿದ್ದದ್ದು ಏಳಲೇ ಇಲ್ಲ. ಸುತ್ತಮುತ್ತ ಅರ್ಧಕ್ಕರ್ಧ ಜನ ಹಿಪ್ಪುನೇರಳೆ ಕಿತ್ತು ಹಾಕಿ ಮಾವಿನ ಸಸಿ ಇಟ್ಟರು, ಕೆಲವರು ಜಮೀನನ್ನು ಸೈಟು ಮಾಡಲು ಕೊಟ್ಟರು. ಉಳಿದವರು ನೂರು ಮೊಟ್ಟೆ ಹುಳ ಮೇಯಿಸುತ್ತಿದ್ದ ಕಡೆ ನೂರಾ ಒಂದು ಸಲ ಯೋಚಿಸತೊಡಗಿದರು. ಹನ್ನೊಂದು ಊರಿನಲ್ಲಿ ನನಗೆ ಏಳು ಉಳಿದವು, ಆಮೇಲೆ ಐದು.

ನಾನೇನು ಕೈಕಟ್ಟಿ ಕೂರಲಿಲ್ಲ. ರೇಟು ಇಳಿಸಿದೆ. ಹುಳ ತೆಗೆದುಕೊಂಡವರಿಗೆ, ಜ್ವರಕ್ಕೆ ಕೂತ ಹುಳದ ಮೇಲೆ ಉದುರಿಸುವ ಸುಣ್ಣದ ಪುಡಿ ಒಂದು ಚೀಲ ಫ್ರೀ ಅಂದೆ. ಆಟೋಕ್ಕೆ ಮೈಕು ಕಟ್ಟಿಸಿ ಸೋಲೂರಿನ ತನಕ ಕೂಗಿಸಿದೆ. ಇಷ್ಟೆಲ್ಲ ಮಾಡಿದರೂ ಗಿರಾಕಿಗಳು ಸುಣ್ಣದ ಪುಡಿಯ ರೇಟೆಷ್ಟು ಎಂದು ಕೇಳಿಕೊಂಡು ಹೋದರೇ ಹೊರತು ಹುಳ ಕೇಳಲಿಲ್ಲ.

ಆ ಹೆಂಗಸು ಏನು ಮಾಡಿದಳು ಅಂತೀರಿ? ರೇಟು ಒಂದು ರೂಪಾಯಿಯೂ ಇಳಿಸಲಿಲ್ಲ. ನೂರು ಮೊಟ್ಟೆಗಿಂತ ಕಡಿಮೆ ಕೊಡುವುದು ಚಾಕಿಯವರಿಗೆ ಅವಮಾನ ಎಂದು ನಾವೆಲ್ಲ ತಿಳಿದಿದ್ದೆವು. ಆಕೆ ಐವತ್ತು ಕೊಟ್ಟಳು, ಇಪ್ಪತ್ತೈದೂ ಕೊಟ್ಟಳು. "ಇರೋ ಸೊಪ್ಪಿಗೆ ಎಷ್ಟು ಮೇಯ್ತವೋ ಅಷ್ಟೇ ತಗಳಿ. ಕೆಟ್ರೂ ಒಸಿ ಕೆಡ್ತದೆ" ಅನ್ನುತ್ತಿದ್ದಳಂತೆ. ಮಾರುವವಳೇ ಕಡಿಮೆ ತೆಗೆದುಕೊಳ್ಳಿ ಅನ್ನುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಇನ್ನೊಂದು ಕೇಳಿ. ಮೊದಲು ರೈತರ ಮನೆಗೆ ಹೋಗಿ ಹುಳದ ಮನೆ ನೋಡುವಳು. ಗೋಡೆಗೆ ಸುಣ್ಣ ಬಳಿದಿಲ್ಲ, ಹಿಂದಿನ ಬೆಳೆಯ ಕಸ ತೆಗೆದಿಲ್ಲ ಎಂದರೆ, "ತೊಳ್ದು ಮಡಗಿ, ಮುಂದಿನ್ಸತಿ ಕೊಡ್ತೀನಿ" ಎಂದು ಎದ್ದು ಬರುವಳು. ದೊಡ್ಡಹನುಮಯ್ಯನಂಥ ದೊಡ್ಡ ಕುಳಕ್ಕೇ ಹೀಗೆ ಹೇಳಿ ಬಂದಳಂತೆ. ಆತನಿಗೆ ಬಸ್‌ಸ್ಟ್ಯಾಂಡಿನಲ್ಲಿ ಟೀ ಹೋಟೆಲೂ ಇದೆ, ಆರು ಎಕರೆ ಸೊಪ್ಪೂ ಇದೆ. ನಾನು ಕುಣಿದಾಡಿಬಿಟ್ಟೆ, ಇನ್ನು ಹನುಮಯ್ಯ ನನ್ನ ಹತ್ತಿರವೇ ಬರಬೇಕು ಎಂದು. ಮೂರು ದಿನ ಕಾದೆ. ನಾಲ್ಕನೇ ದಿನ ಆತ ಹುಳದ ಮನೆ ತೊಳೆಸುತ್ತಿದ್ದ.

ಮೂರನೇ ಜ್ವರಕ್ಕೆ ಒಂದು ಸಲ, ನಾಲ್ಕನೇ ಜ್ವರಕ್ಕೆ ಒಂದು ಸಲ, ಹಳೇ ಸ್ಕೂಟಿಯಲ್ಲಿ ಗಿರಾಕಿಗಳ ಮನೆಗೆ ಹೋಗುವಳು. ಕರೆದರೂ ಹೋಗುವಳು, ಕರೆಯದಿದ್ದರೂ ಹೋಗುವಳು. ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಆಕೆಯ ಫೋನು. ನಾನು ಹದಿನಾಲ್ಕು ವರ್ಷ ಮಾತಾಡಿದ್ದು ಗಂಡಸರ ಹತ್ತಿರ. ಹೋಟೆಲಿನಲ್ಲಿ ಟೀ ಕೊಡಿಸಿ, ಹೆಗಲ ಮೇಲೆ ಕೈ ಹಾಕಿ ವ್ಯಾಪಾರ ಮಾಡಿದವನು ನಾನು. ಹುಳದ ಮನೆಯಲ್ಲಿ ಕೈಯಾಡಿಸುವವರು ಹೆಂಗಸರು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಭಾನುಪ್ರಿಯ ಆ ಹೆಂಗಸರ ವಾಟ್ಸಾಪಿಗೆ ಬೆಳಗ್ಗೆ ಬೆಳಗ್ಗೆಯೇ ವಾಯ್ಸ್ ಮೆಸೇಜು ಹಾಕುವಳು: "ಅಕ್ಕಾ, ಇವತ್ತು ನಿಮ್ ಹುಳ ಜ್ವರ ಏಳ್ತವೆ. ಒಂದೆರಡು ಎದ್ವು ಅಂತ ಅವಸ್ರ ಬಿದ್ದು ಸೊಪ್ಪು ಹಾಕ್ಬ್ಯಾಡಿ, ಎಲ್ಲಾ ಏಳ್ಲಿ." ಇಷ್ಟೇ. ಇದರಲ್ಲಿ ನನ್ನ ಹುಳ ಕೊಳ್ಳಿ ಎಂಬ ಮಾತು ಎಲ್ಲಿದೆ? ಎಲ್ಲೂ ಇಲ್ಲ. ಆದರೂ ಆ ಮೆಸೇಜನ್ನು ಒಬ್ಬಳು ಇನ್ನೊಬ್ಬಳಿಗೆ ಕಳಿಸಿ, ಇನ್ನೊಬ್ಬಳು ತನ್ನ ತವರಿಗೆ ಕಳಿಸಿ, ತಾಲ್ಲೂಕೆಲ್ಲ ಆಕೆಯ ದನಿ ಓಡಾಡಿತು.

ಆಗ ನಾನು ದೊಡ್ಡ ತಪ್ಪೊಂದು ಮಾಡಿದೆ.

ಮೊಬೈಲಿನಲ್ಲಿ ಯಾವನೋ ಕೋಟು ಹಾಕಿಕೊಂಡವನು ವ್ಯಾಪಾರದ ಪಾಠ ಹೇಳುತ್ತಿದ್ದ. ಮಾರುಕಟ್ಟೆ ಬಿದ್ದಾಗ ಪ್ರಚಾರ ನಿಲ್ಲಿಸಬೇಡಿ, ಸಂತೋಷಪಟ್ಟ ಗಿರಾಕಿಯ ಮುಖ ತೋರಿಸಿ ಅಂದ. ಮಾತು ಸರಿ ಅನ್ನಿಸಿತು. ನಮ್ಮೂರ ಮರಿಯಪ್ಪನಿಗೆ ಆ ಸಲ ನನ್ನ ಚಾಕಿಯಿಂದ ಭರ್ಜರಿ ಬೆಳೆ ಬಂದಿತ್ತು. ಗೂಡಿನ ರಾಶಿಯ ಮುಂದೆ ಅವನನ್ನು ನಿಲ್ಲಿಸಿ ಫೋಟೋ ಹೊಡೆದೆ. ಯಾಕೆ ಎಂದು ಹೇಳಲಿಲ್ಲ. ಎಂಟಡಿ ಫ್ಲೆಕ್ಸು ಮಾಡಿಸಿ ಬಸ್‌ಸ್ಟ್ಯಾಂಡಿನ ಎದುರಿಗೆ ಕಟ್ಟಿದೆ: 'ನೂರು ಮೊಟ್ಟೆಗೆ ಎಂಬತ್ತೆಂಟು ಕೆಜಿ ಗೂಡು! ಅನಂತರಾಜು ಚಾಕಿ, ಮರಿಯಪ್ಪನವರ ಮುಖದಲ್ಲಿ ನಗು!'

ಹುಳ ಮೇಯಿಸುವ ಮನೆಯ ಪದ್ಧತಿ ಗೊತ್ತಿದ್ದವರು ಇಷ್ಟು ಹೊತ್ತಿಗೆ ತಲೆ ಚಚ್ಚಿಕೊಂಡಿರುತ್ತಾರೆ. ನಮ್ಮ ಕಡೆ ಹುಳ ಚೆನ್ನಾಗಿವೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಂಥ ಬೆಳೆ ಬಂದಿದ್ದರೂ, ಹೆಂಗವೆ ಎಂದು ಕೇಳಿದರೆ "ಏನೋ ಅವೆ" ಅನ್ನಬೇಕು. ಕೇಳಿದವನೂ ಅಲ್ಲಿಗೆ ಸುಮ್ಮನಾಗಬೇಕು. ಹೊಗಳಿದರೆ ದೃಷ್ಟಿಯಾಗುತ್ತದೆ, ಹುಳ ಉಳಿಯುವುದಿಲ್ಲ. ಹುಳದ ಮನೆಯ ಬಾಗಿಲಿಗೆ ಹಳೇ ಚಪ್ಪಲಿ, ಮೋಟು ಪೊರಕೆ ಕಟ್ಟಿರುತ್ತಾರೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನಾನೂ ಅದೇ ಮನೆಯಲ್ಲಿ ಹುಟ್ಟಿ ಬೆಳೆದವನು. ಕೋಟಿನವನ ಮಾತು ಕೇಳಿ ಅದೆಲ್ಲ ಮರೆತುಬಿಟ್ಟೆ.

ಫ್ಲೆಕ್ಸು ಕಟ್ಟಿದಾಗ ಮರಿಯಪ್ಪನ ಮನೆಯಲ್ಲಿ ಮುಂದಿನ ಬೆಳೆಯ ಹುಳ ಇದ್ದವು. ಆ ವಾರ ಬಿಡದೆ ಮಳೆ ಹಿಡಿಯಿತು. ಒದ್ದೆ ಸೊಪ್ಪು ತಿಂದು ಮುಕ್ಕಾಲು ಪಾಲು ಹುಳ ಸತ್ತವು. ಮರಿಯಪ್ಪ ಮಳೆಯನ್ನು ಬೈಯಲಿಲ್ಲ. ಹರಿದ ಫ್ಲೆಕ್ಸನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಕೇಂದ್ರಕ್ಕೆ ನುಗ್ಗಿದ.

"ಏನ್ಲಾ ಅನಂತ, ನಾನೇನ್ಲಾ ನಿಂಗೆ ಅನ್ಯಾಯ ಮಾಡಿದ್ದೆ? ನನ್ ಮಕ ಯಾಕ್ಲಾ ಬಸ್‌ಸ್ಟ್ಯಾಂಡ್‌ಗೆ ಕಟ್ದೆ?"

"ಹೆಸರು ಬರ್ಲಿ ಅಂತ ಕಣ್ ಮಾವ" ಅಂದೆ.

"ಸತ್ತೋದವ್ರ ಫೋಟೋ ಕಟ್ತಾರೆ, ಎಲೆಕ್ಷನ್‌ಗೆ ನಿಂತವ್ರ ಫೋಟೋ ಕಟ್ತಾರೆ. ನಾನು ಯಾವುದ್ಲಾ? ಎಂಬತ್ತೆಂಟು ಕೆಜಿ ಅಂತ ನನ್ ಹೆಂಡ್ತಿಗೇ ಸರಿಯಾಗಿ ಹೇಳಿರ್ನಿಲ್ಲ ಕಣ್ಲಾ ನಾನು! ಬಸ್ಸಲ್ಲಿ ಹೋಗೋ ಬರೋರೆಲ್ಲ ಓದ್ಕಂಡೋದ್ರಲ್ಲೋ ಪಾಪಿ!"

ಫ್ಲೆಕ್ಸನ್ನು ನನ್ನ ಮೇಜಿನ ಮೇಲೆ ಎಸೆದು ಹೋದವನು ಮತ್ತೆ ಬರಲಿಲ್ಲ. ಮರಿಯಪ್ಪನಿಂದ ಸುದ್ದಿ ಊರೂರಿಗೆ ಹಬ್ಬಿತು. ನನ್ನ ಚಾಕಿ ತೆಗೆದುಕೊಂಡರೆ ಬೆಳೆ ಬಂದರೂ ಕಷ್ಟ, ಫೋಟೋ ಹಾಕಿಬಿಡುತ್ತಾನೆ ಎಂದು ಜನ ಹೆದರಿದರು. ನಾನು ಜೇಬಿನಿಂದ ಫೋನು ತೆಗೆದರೆ ಸಾಕು, ಎದುರಿಗಿದ್ದವರು ಟವೆಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಆಷಾಢದಲ್ಲಿ ನನ್ನ ಕೇಂದ್ರದಲ್ಲಿ ಒಂದು ಹುಳವೂ ಇರಲಿಲ್ಲ.

ಭಾನುಪ್ರಿಯಳ ಶೀಟಿನ ಮನೆಯ ಮುಂದೆ ಮಾತ್ರ ಬೆಳಗ್ಗೆ ಆರು ಗಂಟೆಗೇ ನಾಲ್ಕು ಗಾಡಿ. ನನ್ನ ಕೇಂದ್ರಕ್ಕೆ ಹೋಗುವ ದಾರಿ ಅದರ ಮುಂದೆಯೇ. ದಿನಾ ಆ ಗಾಡಿಗಳನ್ನು ಎಣಿಸಿಕೊಂಡೇ ಹೋಗುತ್ತಿದ್ದೆ, ಎಣಿಸಬಾರದು ಎಂದುಕೊಂಡರೂ ಎಣಿಸುತ್ತಿದ್ದೆ. ನನ್ನ ಹತ್ತಿರ ಕೂಲಿಗೆ ಇದ್ದವಳು. ಹುಳದ ತಟ್ಟೆ ಹಿಡಿಯುವುದನ್ನು ನಾನು ಕಲಿಸಿದ್ದು.

ಒಂದು ದಿನ ಹಾಗೆಯೇ ಹೊಳೆಯಿತು. ನನ್ನ ಹೊಗಳಿಕೆ ಮರಿಯಪ್ಪನ ಹುಳ ಕೊಂದಿತು ಎಂದು ತಾನೇ ಊರು ಹೇಳುವುದು? ಹಾಗಾದರೆ ಅದೇ ಹೊಗಳಿಕೆ ಭಾನುಪ್ರಿಯಳಿಗೂ ಇರಲಿ. ಈ ಬುದ್ಧಿ ಕೆಟ್ಟದ್ದು ಎಂದು ನನಗೆ ಆಗಲೂ ಗೊತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವತ್ತೇ ಹನುಮಯ್ಯನ ಹೋಟೆಲಿಗೆ ಹೋದೆ. ಏಳೆಂಟು ಜನ ಕೂತಿದ್ದರು. ಎಲ್ಲರಿಗೂ ಕೇಳಿಸುವ ಹಾಗೆ ಶುರು ಮಾಡಿದೆ. "ಭಾನುಪ್ರಿಯನ ಚಾಕಿ ನೋಡಿದ್ರೇನ್ರಪ್ಪ? ಹುಳ ಅಂದ್ರೆ ಹುಳ! ಒಂದೂ ಸಣ್ಣದಿಲ್ಲ, ಒಂದೂ ಸೊಟ್ಟಗಿಲ್ಲ. ಹದಿನಾಲ್ಕು ವರ್ಷದಲ್ಲಿ ನನ್ ಕೈಲೂ ಹಂಗೆ ಬಂದಿಲ್ಲ ಕಣ್ರಪ್ಪ!"

ಹನುಮಯ್ಯ ಟೀ ಸೋಸುತ್ತಿದ್ದವನು ಕೈ ನಿಲ್ಲಿಸಿ ನನ್ನನ್ನೇ ನೋಡಿದ. ತಗುಲಿತು ಎಂದುಕೊಂಡೆ. ಮಾರನೇ ದಿನ ಮಾಗಡಿ ಸಂತೆಯಲ್ಲಿ ಹೇಳಿದೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ಮತೀನ್ ಸಾಬರಿಗೆ ಹೇಳಿದೆ. ಒಂದು ತಿಥಿ ಊಟಕ್ಕೆ ಹೋದಾಗ ಪಂಕ್ತಿಯಲ್ಲಿ ಕೂತು, ಮುದ್ದೆ ಮುರಿಯುತ್ತಲೂ ಅದನ್ನೇ ಹೇಳಿದೆ. ನನ್ನ ಸ್ವಂತ ಚಾಕಿಯನ್ನು ಜನ್ಮದಲ್ಲಿ ಅಷ್ಟು ಹೊಗಳಿರಲಿಲ್ಲ. ದಿನಾ ಬೆಳಗ್ಗೆ ಎದ್ದು, ಭಾನುಪ್ರಿಯಳ ಹುಳ ಸತ್ತ ಸುದ್ದಿ ಬಂತೇ ಎಂದು ಕಿವಿ ನಿಮಿರಿಸಿ ಕಾಯುತ್ತಿದ್ದೆ.

ಶೀಟಿನ ಮನೆಯ ಮುಂದೆ ನಾಲ್ಕು ಗಾಡಿ ಇದ್ದದ್ದು ಏಳಾಯಿತು.

ಕನಕಪುರದ ಆಚೆ, ಉಯ್ಯಂಬಳ್ಳಿ ಕಡೆಯಿಂದ ಮುನಿರತ್ನಮ್ಮ ಎಂಬಾಕೆ ಭಾನುಪ್ರಿಯಳ ಮನೆ ಹುಡುಕಿಕೊಂಡು ಬಂದು, ದಾರಿ ತಪ್ಪಿ ನನ್ನ ಕೇಂದ್ರಕ್ಕೇ ಬಂದಳು. ಅಷ್ಟು ದೂರದಿಂದ ಯಾಕಮ್ಮ ಬಂದೆ, ಯಾರು ಹೇಳಿದರು ಎಂದು ಕೇಳಿದೆ.

"ಇಲ್ಲೇ ಇನ್ನೊಬ್ಬ ಚಾಕಿಯವ್ನು ಅವ್ನಂತೆ ಕಣಣ್ಣ, ಈವಮ್ಮನ್ನ ಕಂಡ್ರೆ ಉರ್ಕಂಡು ಸಾಯ್ತಾನಂತೆ. ಅಂತಾವ್ನೇ ಹೊಗಳ್ಕಂಡು ತಿರುಗ್ತಾವ್ನಂತಲ್ಲ, ಅಂದ್ಮೇಲೆ ಹುಳ ಎಂಗಿರ್ಬೇಕು ನೀನೇ ಹೇಳು! ಮತೀನ್ ಸಾಬ್ರು ಹೇಳುದ್ರು" ಅಂದಳು.

ನಾನು ದಾರಿ ತೋರಿಸಿದೆ. ಇನ್ನೇನು ಮಾಡಲಿ? ಆಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ನನ್ನ ಬಾಯಿಗೆ ನಾನೇ ಹೊಡೆದುಕೊಂಡೆ.

ಅಲ್ಲಿಗೆ ಹೊಗಳುವುದನ್ನು ಬಿಟ್ಟೆ. ಶ್ರಾವಣ ಬಂದಿತ್ತು. ಇನ್ನೊಂದೇ ಅವಕಾಶ ಉಳಿದಿತ್ತು. ನನ್ನ ಕೇಂದ್ರದಲ್ಲಿ ಒಂದು ಬ್ಯಾಚು ಮೊಟ್ಟೆ ಇಡಬೇಕಾದರೆ ಕಡಿಮೆ ಎಂದರೂ ಐದು ಮನೆಯವರು ಹುಳ ಬೇಕು ಅನ್ನಬೇಕು. ಅದಕ್ಕಿಂತ ಕಡಿಮೆಯಾದರೆ ಸೊಪ್ಪು, ಕೂಲಿ, ಕರೆಂಟು ಯಾವುದೂ ಗಿಟ್ಟುವುದಿಲ್ಲ. ಆಷಾಢದ ಬ್ಯಾಚು ಹೋಗಿತ್ತು, ಇದೂ ಹೋದರೆ ಬೀಗವೇ ಗತಿ. ಮೈಕಿಲ್ಲ, ಫ್ಲೆಕ್ಸಿಲ್ಲ, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಮನೆಮನೆಗೆ ಹೋದೆ. ಭಾನುಪ್ರಿಯ ಮಾಡಿದಂತೆಯೇ ಮಾಡಿದೆ, ನಾಚಿಕೆ ಬಿಟ್ಟು. ಐವತ್ತಾದರೂ ಕೊಡುತ್ತೇನೆ, ಇಪ್ಪತ್ತೈದಾದರೂ ಕೊಡುತ್ತೇನೆ, ಜ್ವರಕ್ಕೆ ಬಂದು ನೋಡುತ್ತೇನೆ, ಫೋಟೋ ಹೊಡೆಯುವುದಿಲ್ಲ ಎಂದು ದೇವರ ಮೇಲೆ ಆಣೆ ಮಾಡಿದೆ. ಎರಡು ವಾರ ತಿರುಗಿದೆ. ಬೆಳಗ್ಗೆ ಮನೆ ಬಿಟ್ಟರೆ ಸಂಜೆಗೆ ಸೇರುತ್ತಿದ್ದೆ, ಉಂಡು ಮಲಗುತ್ತಿದ್ದೆ. ನಾಲ್ಕು ಮನೆಯವರು ಒಪ್ಪಿದರು.

ಐದನೆಯದು ನನ್ನದೇ ಮನೆ. ಪ್ರತಿಮಾ ಒಂದು ಎಕರೆ ಸೊಪ್ಪು ಇಟ್ಟುಕೊಂಡು, ತೋಟದ ಅಂಚಿನ ಹುಳದ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ನನ್ನ ಚಾಕಿಯನ್ನೇ ಸಾಕಿದವಳು. ಕಟ್ಟಿಕೊಂಡ ಹೆಂಡತಿಯನ್ನು ಕೇಳುವುದೇನು ಬಂತು? ನಾಲ್ಕನೆಯವರು ಒಪ್ಪಿದ ಕೂಡಲೇ ಅಲ್ಲಿಂದಲೇ ಫೋನು ಮಾಡಿ ಮೊಟ್ಟೆಗೆ ಹೇಳಿಬಿಟ್ಟೆ. ಬಹಳ ದಿನಗಳ ಮೇಲೆ ಹಸಿವಾಯಿತು. ಹೆಂಡತಿಗೆ ಹೇಳಬೇಕೆಂದು ನಡುಮಧ್ಯಾಹ್ನವೇ ಮನೆಗೆ ಬಂದೆ. ಮನೆಗೆ ಬೀಗ ಹಾಕಿತ್ತು. ತೋಟದ ಕಡೆ ನಡೆದೆ.

ಹುಳದ ಮನೆಯ ಮುಂದೆ ಆ ಹಳೇ ಸ್ಕೂಟಿ ನಿಂತಿತ್ತು. ಹೊಸ್ತಿಲ ಹೊರಗೆ ಎರಡು ಜೊತೆ ಚಪ್ಪಲಿ.

"ಪ್ರತಿಮಾ!" ಎಂದು ಕೂಗಿದೆ. ಪ್ರತಿಮಾ ಬಾಗಿಲಿಗೆ ಬಂದಳು. ಕೈಯೆಲ್ಲ ಸುಣ್ಣದ ಪುಡಿ. ಅವಳ ಹಿಂದೆ ಭಾನುಪ್ರಿಯ.

"ಈವಮ್ಮ ಇಲ್ಲೇನ್ ಮಾಡ್ತಾವ್ಳೆ?"

"ಐವತ್ತು ಮೊಟ್ಟೆ ಹುಳ ತಂದಿದ್ದೆ. ನಾಲ್ಕನೇ ಜ್ವರಕ್ಕೆ ಕೂತವೆ. ನೋಡಕ್ ಬಂದವ್ಳೆ" ಅಂದಳು ಪ್ರತಿಮಾ. ಒಂದಿಷ್ಟೂ ತಡವರಿಸಲಿಲ್ಲ.

"ಇವಳ ತಾವ ತತ್ತಾ ಅಂತ ಯಾರ್ ಹೇಳುದ್ರು ನಿಂಗೆ?"

"ನೀವೇ. ಹೋಟ್ಲಲ್ಲಿ, ಸಂತೆಲಿ, ತಿಥಿಮನೇಲಿ ಹೇಳ್ಕಂಡ್ ಬರ್ಲಿಲ್ವಾ? ನಮ್ಮವ್ವ ಫೋನ್ ಮಾಡಿ, ನಿನ್ ಗಂಡನೇ ಅವಳ ಹುಳ ಚೆಂದ ಅಂತಾವ್ನಂತೆ, ನೀನ್ಯಾಕೆ ಖಾಲಿ ಮನೆ ಇಕ್ಕಂಡು ಕೂತಿದ್ದೀಯೇ ಅಂದ್ಲು. ನಿಮ್ ಕೇಂದ್ರದಲ್ಲಿ ಆಸಾಡದಲ್ಲಿ ಹುಳ ಎಲ್ಲಿತ್ತು? ಸೊಪ್ಪು ಬಲ್ತು ಹೋಯ್ತಿತ್ತು, ಅದ್ಕೇ ಇವಳ ತಾವ ಹುಳ ತಂದೆ."

"ನಾಲ್ಕು ಮನೆ ಒಪ್ಪವ್ರೆ ಕಣೇ! ನಿಂದು ಸೇರಿ ಐದು ಅಂತ ಮೊಟ್ಟೆಗೆ ಹೇಳ್ಬುಟ್ಟಿದ್ದೀನಿ!"

"ನನ್ನೊಂದ್ ಮಾತು ಕೇಳ್ಬೇಕಿತ್ತು" ಅಂದಳು. "ಇವು ಗೂಡು ಕಟ್ಟಿ ಮುಗಿಯಗಂಟ ನನ್ ಮನೇಲಿ ಜಾಗ ಇಲ್ಲ. ಆಮೇಕೂ ನಾನು ಇವಳ ತಾವಲೇ ತತ್ತೀನಿ."

ನಾಲ್ಕು ಮನೆಗೆ ಬ್ಯಾಚು ಇಡಲಾಗುವುದಿಲ್ಲ. ಅಂದರೆ ಬೀಗ. ಸಿಟ್ಟೆಲ್ಲ ಭಾನುಪ್ರಿಯಳ ಕಡೆ ತಿರುಗಿತು. "ತೃಪ್ತಿ ಆಯ್ತೇನಮ್ಮ? ನನ್ ಮನೇನೂ ಬಿಡ್ನಿಲ್ವಲ್ಲ" ಅಂದೆ.

ಆಕೆ ತಲೆ ತಗ್ಗಿಸಲಿಲ್ಲ. "ಅಣ್ಣ, ನೀವು ಯಾಕ್ ಹೊಗಳುದ್ರಿ ಅಂತ ನಂಗೊತ್ತು. ಮೊದಲ್ನೇ ದಿನ ಹೆದರ್ಕಂಡು ಅತ್ಬುಟ್ಟೆ. ನಮ್ಮೆಜಮಾನ್ರು ದೃಷ್ಟಿಗೆ ಅಂತ ಮೆಣಸಿನಕಾಯಿ ನೀವಾಳ್ಸಿ ಒಲೆಗಾಕುದ್ರು. ಮಾರ್ನೆ ದಿನ ಮೂರು ಜನ ಹೊಸಬ್ರು ಬಂದ್ರು. ಆಮೇಲೆ ದಿನಾ ಒಂದು ಕಡೆ ಮೆಣಸಿನಕಾಯಿ, ಒಂದು ಕಡೆ ಗಿರಾಕಿ. ನಂಗೆ ನಿಮ್ ಮೇಲೆ ಸಿಟ್ಟಿಲ್ಲ. ಹೆದ್ರಿಕೆ ಐತೆ" ಅಂದಳು.

ಹುಳ ಹೇಗಿವೆಯೋ ನೋಡಿಬಿಡಬೇಕು ಅನ್ನಿಸಿತು. ಏನಾದರೂ ಒಂದು ಕೊರೆ ಕಣ್ಣಿಗೆ ಬಿದ್ದರೆ ಸಾಕಿತ್ತು. ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಕಾಲಿಡಲು ಹೋದೆ. ಪ್ರತಿಮಾ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ. ನೀವು ಒಳಕ್ ಬರಬ್ಯಾಡಿ."

"ನಾನ್ ಕಟ್ಸಿದ್ ಮನೆ ಕಣೇ ಇದು!"

"ಮನೆ ನಿಮ್ದೇ. ಹುಳ ನನ್ನವು. ನಿಮ್ ಕಣ್ಣು ಈಗ ಸರಿಯಿಲ್ಲ."

ಅವಳ ಮುಖ ನೋಡಿದೆ. ಕೋಪವಿರಲಿಲ್ಲ, ಭಯವಿತ್ತು. ಇಪ್ಪತ್ತು ವರ್ಷ ಜೊತೆಯಲ್ಲಿ ಬಾಳಿದವಳು ನನಗೆ ಹೆದರಿ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದೆ. ಅವಳ ಭುಜದ ಮೇಲಿನಿಂದ, ಒಳಗೆ ಹುಳ ಮೇಯಿಸುವ ಅಟ್ಟಣೆಯ ಮೊದಲನೇ ಅಂಕಣ ಕಂಡಿತು. ಹುಳಗಳು ಸಾಲಾಗಿ ತಲೆಯೆತ್ತಿ ಕೂತಿದ್ದವು, ಒಂದೂ ಸಣ್ಣದಿಲ್ಲ, ಒಂದೂ ಸೊಟ್ಟಗಿಲ್ಲ. ನಾನು ಸುಳ್ಳಿಗೆ ಹೊಗಳಿದ್ದೆಲ್ಲ ನಿಜವಾಗಿತ್ತು. ಹೊಟ್ಟೆಯ ಉರಿ ಗಂಟಲ ತನಕ ಬಂತು. ಆ ಉರಿಯಲ್ಲಿ ಇನ್ನೊಂದು ಗಳಿಗೆ ನೋಡಿದ್ದರೆ ಏನಾಗುತ್ತಿತ್ತೋ ಎಂದು ನನಗೇ ಹೆದರಿಕೆಯಾಯಿತು. ಐವತ್ತು ಮೊಟ್ಟೆಯ ಹುಳ, ನನ್ನ ಹೆಂಡತಿ ಮೇಯಿಸಿದ್ದು. ಮುಖ ತಿರುಗಿಸಿ ತೋಟದ ಕಡೆ ನಿಂತೆ.

ಹಿಂದೆ ಬಾಗಿಲು ಅರ್ಧ ಮುಚ್ಚಿದ ಸದ್ದಾಯಿತು. "ನಾಳೆ ಹತ್ತು ಗಂಟೆಗಂಟ ಸೊಪ್ಪು ಹಾಕ್ಬ್ಯಾಡಕ್ಕ. ಎಲ್ಲಾ ಎದ್ಮೇಲೆ ಒಂದೇ ಸತಿ ಹಾಕು. ಆಮೇಕೆ ವಾರಗಂಟ ಎಷ್ಟು ಹಾಕುದ್ರೂ ಸಾಲಾಕಿಲ್ಲ" ಎಂದು ಭಾನುಪ್ರಿಯ ಹೇಳುವುದು ಕೇಳಿಸಿತು. ಹದಿನಾಲ್ಕು ವರ್ಷ ಚಾಕಿ ಮಾರಿದ ನಾನು ಇಷ್ಟು ಮಾತನ್ನು ಹೆಂಡತಿಗೂ ಹೇಳಿದವನಲ್ಲ.

ಒಸಿ ಹೊತ್ತಿನ ಮೇಲೆ ಪ್ರತಿಮಾ ಹೊರಗೆ ಬಂದು ಕುಡುಗೋಲನ್ನು ನನ್ನ ಕೈಗಿಟ್ಟಳು.

"ನಾಳೆಯಿಂದ ಇಬ್ರು ಕುಯ್ದ್ರೂ ಸಾಲಾಕಿಲ್ಲ. ಸೊಪ್ಪು ಕುಯ್ದು ಹೊಸ್ತಿಲಗಂಟ ತಂದಿಕ್ಕಿ" ಅಂದಳು. "ಅಲ್ಲಿಂದ ಒಳಕ್ಕೆ ನಾನೇ ತಗತೀನಿ."